ಐದನೇ ವರ್ಗದ ಹೆಂಡತಿ

ಮಾರ್ಚ್ ತಿಂಗಳ ಸಂಬಳದ ಚೀಟಿಯನ್ನು ಟಾಲ್ಕೆ ಹಾರ್ಮ್ಸ್ ಮತ್ತೆ ಮತ್ತೆ ಓದಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಬೆಗೆ ಕಾಗದ ಆಗಲೇ ಮೆತ್ತಗಾಗಿತ್ತು. ಕೆಲಸ ಅದೇ, ಪಾಳಿ ಅದೇ, ಮೇಲಿನ ಸಾಲಿನ ಒಟ್ಟು ಸಂಬಳವೂ ಅದೇ. ಆದರೆ ಕೆಳಗಿನ ಸಾಲು, ಅಂದರೆ ಕಡಿತವೆಲ್ಲ ಹೋಗಿ ಕೈಗೆ ಬರುವುದು, ಅವಳು ಎಂದೂ ಕಾಣದಷ್ಟು ಉಬ್ಬಿಕೊಂಡಿತ್ತು.

ಜೊತೆಗೆ ಹಾಸಿಗೆ ಬಟ್ಟೆ ಮಡಚುತ್ತಿದ್ದ ಗೇಶೆ ಇಣುಕಿ ನೋಡಿದಳು. “ಏನೇ ಇದು? ಮೇಲಿನವರಿಗೆ ಮದ್ದು ಹಾಕಿದ್ಯಾ?”

“ಯಾರದೋ ನನ್ನ ಲೆಕ್ಕಕ್ಕೆ ಬಂದಿರಬೇಕು. ಹೋಗಿ ಹೇಳಿ ಬರ್ತೀನಿ.”

“ಬಾಯಿಗೆ ಬಂದ ತುತ್ತನ್ನ ಉಗುಳೋಕೆ ಹೊರಟ್ಯಲ್ಲ, ಪುಣ್ಯಾತ್ಗಿತ್ತಿ” ಎಂದಳು ಗೇಶೆ. ಆದರೆ ತಡೆಯಲಿಲ್ಲ. ಟಾಲ್ಕೆಯ ಗಂಡ ಓಕೋ ತೀರಿಕೊಂಡು ಇನ್ನೂ ಆರು ವಾರ ತುಂಬಿರಲಿಲ್ಲ.

ಅವರ ದೇಶದಲ್ಲಿ ಗಂಡಹೆಂಡಿರಿಗೆ ತೆರಿಗೆಯ ವರ್ಗಗಳಿವೆ. ಹೆಚ್ಚು ದುಡಿಯುವವರು ಮೂರನೇ ವರ್ಗಕ್ಕೆ ಹೋದರೆ ಅವರ ತೆರಿಗೆ ಹೂವಿನಷ್ಟು ಹಗುರ. ಆಗ ಕಡಿಮೆ ದುಡಿಯುವವರು ಐದಕ್ಕೆ ಹೋಗಬೇಕು, ಭಾರವೆಲ್ಲ ಅವರ ಚೀಟಿಯ ಮೇಲೆ. ಇಬ್ಬರದನ್ನೂ ಕೂಡಿಸಿದರೆ ಮನೆಗೆ ತಿಂಗಳು ತಿಂಗಳು ಒಂದಿಷ್ಟು ಉಳಿಯುತ್ತದೆ. ಎಮ್ಡೆನ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಓಕೋ ಮೂರರಲ್ಲಿದ್ದ. ಟಾಲ್ಕೆ ಮದುವೆಯಾದಂದಿನಿಂದ ಐದರಲ್ಲೇ.

ಉಳಿತಾಯ ಅವಳಿಗೂ ಅರ್ಥವಾಗುತ್ತಿತ್ತು. ಆದರೂ ದಿನವಿಡೀ ಹಬೆಯಲ್ಲಿ ಬೆಂದು, ಒಣಗಿದ ಮೀನಿನಂಥ ಸಂಬಳ ಮನೆಗೆ ತಂದಾಗ ಓಕೋ ನಗುತ್ತಿದ್ದ. “ಬಂತಾ ನಿನ್ನ ಚಹಾಪುಡಿ ದುಡ್ಡು?” ಹೋದ ಶರತ್ಕಾಲದಲ್ಲಿ ಅವಳು ಕಡೆಗೂ ಕೇಳಿದ್ದಳು.

“ಇಬ್ರೂ ನಾಲ್ಕನೇ ವರ್ಗಕ್ಕೆ ಹೋಗೋಣ, ಅವರವರ ತೆರಿಗೆ ಅವರವರಿಗೆ. ಸ್ವಲ್ಪ ಕಡಿಮೆ ಬಂದ್ರೂ ಬರ್ಲಿ. ನನ್ನ ದುಡಿಮೆಗೆ ಎಷ್ಟು ಬೆಲೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು.”

“ಒಂದೇ ಮಡಕೆ ಗಂಜಿಗೆ ಎರಡು ಮುಚ್ಚಳ ಯಾಕೆ?” ಎಂದಿದ್ದ ಅವನು. ಅವಳು ಒಂದು ವಾರ ಮಾತು ಬಿಟ್ಟಿದ್ದಳು. ಆಮೇಲೆ ಆ ಮಾತೂ ಹಾಗೇ ಆರಿಹೋಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದ ಓಕೋ ಮತ್ತೆ ಏಳಲಿಲ್ಲ.

ಸಂಬಳದ ವಿಭಾಗದ ಊಫೋಫ್ ಮೇಡಂ ಟಾಲ್ಕೆ ಕೊಟ್ಟ ಚೀಟಿಯನ್ನು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೂತ್ಕೊಳ್ಳಿ, ಹಾರ್ಮ್ಸ್ ಅವರೇ. ಇದು ತಪ್ಪಲ್ಲ. ಜೊತೆಗಾರರು ಹೋದ್ರೆ ಮುಂದಿನ ತಿಂಗಳಿಂದ ಉಳಿದವರನ್ನ ಮೂರಕ್ಕೆ ಹಾಕ್ತಾರೆ. ತೆರಿಗೆ ಕಚೇರಿಯವರೇ ಬದಲಾಯಿಸಿದ್ದಾರೆ.”

“ಅವನ ಜಾಗಕ್ಕಾ?”

“ಹಾಗೇ ಅಂದ್ಕೊಳ್ಳಿ.”

ಮನೆಯಲ್ಲಿ ಓಕೋನ ಕುರ್ಚಿಯಲ್ಲಿ, ಕಿಟಕಿಯ ಕಡೆಯ ಆ ಕುರ್ಚಿಯಲ್ಲಿ ಟಾಲ್ಕೆ ಇನ್ನೂ ಕೂತಿರಲಿಲ್ಲ. ಅವನ ಕೋಟನ್ನು ಗೂಟದಿಂದ ಇಳಿಸಿರಲಿಲ್ಲ. ಅವಳನ್ನು ಕೇಳದೆ ಯಾರೋ ಎಲ್ಲೋ ಅವಳನ್ನು ಎತ್ತಿ ಅಲ್ಲಿ ಕೂರಿಸಿಬಿಟ್ಟಿದ್ದರು.

“ನನಗೆ ಬೇಡ. ಐದಕ್ಕೇ ಹಾಕ್ಬಿಡಿ” ಎಂದಳು.

“ಆಗಲ್ಲ.”

“ಕಡಿಮೆ ತಗೊಳ್ತೀನಿ ಅಂದ್ರೂ ಆಗಲ್ವಾ?”

ಊಫೋಫ್ ಮೇಡಂ ಚೀಟಿಯನ್ನು ಅವಳ ಕಡೆ ಸರಿಸಿದರು. “ನೀವು ಐದರಲ್ಲಿರ್ಬೇಕು ಅಂದ್ರೆ ಮೂರರಲ್ಲಿ ಇನ್ನೊಬ್ರು ಇರ್ಬೇಕಮ್ಮ.”

ಹೊರಗೆ ಕಡಲಹಕ್ಕಿಗಳು ಕಸದ ಡಬ್ಬಿಗಾಗಿ ಕಚ್ಚಾಡುತ್ತಿದ್ದವು. ಟಾಲ್ಕೆ ಅದನ್ನೇ ಕೇಳುತ್ತಾ ಕುಳಿತಳು. ಅವಳು ಮುಖವನ್ನು ಒರೆಸಿಕೊಳ್ಳಲಿಲ್ಲ, ಒದ್ದೆಯಾಗಿದೆ ಎಂದು ಅವಳಿಗೆ ಗೊತ್ತಿದ್ದಂತೆಯೂ ಇರಲಿಲ್ಲ. ಕೊನೆಗೆ ಚೀಟಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು.

“ಹಾಗಾದ್ರೆ ನನ್ನ ದುಡಿಮೆಯ ಬೆಲೆ ಇಷ್ಟಾ?”

“ಇದೂ ಪೂರ್ತಿ ನಿಮ್ಮದಲ್ಲ. ನಿಮ್ಮ ಯಜಮಾನರ ಪಾಲಿನ ರಿಯಾಯಿತಿನೂ ಇದ್ರಲ್ಲಿದೆ. ಈ ವರ್ಷ, ಮುಂದಿನ ವರ್ಷ, ಎರಡೂ ಮುಗಿಯೋವರೆಗೆ ಸರ್ಕಾರ ನಿಮ್ಮನ್ನ ಅವರ ಹೆಂಡತಿ ಅಂತಲೇ ಲೆಕ್ಕ ಇಡುತ್ತೆ. ಅದಾದ ಮೇಲಿನ ಜನವರಿಯಿಂದ ನಿಮಗೆ ಒಂದನೇ ವರ್ಗ.”

“ಒಂದು ಅಂದ್ರೆ?”

“ಒಂಟಿಯಾಗಿರೋರದ್ದು. ಆಗ ಬರುತ್ತಲ್ಲ, ಅದು ನಿಮ್ಮೊಬ್ಬರದೇ ಸಂಬಳ. ನಿಮ್ಮ ದುಡಿಮೆಗೆ ಎಷ್ಟು ಬೆಲೆ ಅಂತ ಆವತ್ತು ಗೊತ್ತಾಗುತ್ತೆ.”

ಟಾಲ್ಕೆ ಚೀಟಿಯನ್ನು ನಾಲ್ಕಾಗಿ ಮಡಚಿ ಮೇಲಂಗಿಯ ಜೇಬಿಗಿಟ್ಟುಕೊಂಡಳು. ಎದ್ದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

“ನನಗೇನೂ ಅವಸರ ಇಲ್ಲ” ಎಂದಳು ಮೆಲ್ಲಗೆ. “ಆ ಜನವರಿ ನಿಧಾನಕ್ಕೇ ಬರ್ಲಿ.”