ಆಮೆನ್ ಅನ್ನುವುದರೊಳಗೆ

"ಇನ್ನೊಂದು ರೊಟ್ಟಿ ತಿನ್ನವ್ವಾ. ನಾಗಾಲ್ಯಾಂಡದಾಗ ನಿನಗ ಜೋಳದ ರೊಟ್ಟಿ ಯಾರ ಬಡದು ಕೊಡ್ತಾರ?"

ಬೇಡವೆಂದು ಅಡ್ಡ ಹಿಡಿದ ಕೈಯ ಮೇಲಿಂದಲೇ ಭಾಲ್ಕಿಯ ಸೋದರತ್ತೆ ದೊರ್ಕಾಳ ತಟ್ಟೆಗೆ ರೊಟ್ಟಿ ಹಾಕಿಬಿಟ್ಟಳು. ದೊರ್ಕಾ ಕಿಟಕಿಯಾಚೆ ನೋಡಿದಳು. ಅಂಗಳದ ಬೇವಿನ ಗಿಡದ ಕೆಳಗೆ ಅವಳ ಮೋಟರ್ ಸೈಕಲ್ ನಿಂತಿತ್ತು. ಎರಡೂ ಬದಿಗೆ ಚೀಲ, ಹಿಂದೆ ಸುತ್ತಿ ಕಟ್ಟಿದ ತಾಡಪತ್ರಿ, ಕನ್ನಡಿಗೆ ತೂಗುಹಾಕಿದ ಹೆಲ್ಮೆಟ್. ಇಡೀ ದೇಶ ದಾಟಲು ಅದು ತಯಾರು. ಅದರ ಬೆನ್ನಿಗೇ ಅಣ್ಣ ಜೇಮ್ಸನ ಬಿಳಿ ಕಾರು. ಮನೆ ಬಿಟ್ಟು ವಾರವಾಗಿತ್ತು. ಕೊಹಿಮಾಕ್ಕೆ ಹೊರಟವಳು ಬೀದರದಿಂದ ಭಾಲ್ಕಿ ಮುಟ್ಟಿದ್ದಳು. ಕೆಂಪು ಬಸ್ಸು ಹತ್ತಿದ್ದರೆ ತಾಸಿನ ದಾರಿ!

ದೊರ್ಕಾ ಬೀದರದ ಆಸ್ಪತ್ರೆಯೊಂದರಲ್ಲಿ ನರ್ಸು. ಐವತ್ತರ ಹತ್ತಿರದ ಹೆಣ್ಣುಮಗಳು, ಮದುವೆಯಾಗಿಲ್ಲ, ಅದೇ ಊರಿನ ಚಿದ್ರಿಯಲ್ಲಿ ಅಣ್ಣ ಮತ್ತು ವೈನಿ ಸುಜಿಯ ಜೊತೆ ವಾಸ. ಹೋದ ವರ್ಷ ರಸ್ತೆ ಕೆಲಸಕ್ಕೆಂದು ಝಾರ್ಖಂಡದ ಕಡೆಯಿಂದ ಬಂದಿದ್ದ ಕೂಲಿಯವನೊಬ್ಬ ಅವಳ ವಾರ್ಡಿನಲ್ಲಿ ತೀರಿಕೊಂಡ. ಕೊರಳಲ್ಲಿ ಸಣ್ಣ ಶಿಲುಬೆ, ಪಕ್ಕದಲ್ಲಿ ತನ್ನವರೆನ್ನುವ ಒಂದು ನರಪಿಳ್ಳೆಯೂ ಇಲ್ಲ. ದೊರ್ಕಾ ಮಂಚದ ಅಂಚಿಗೆ ಕೂತು ತನಗೆ ಬರುವ ಕನ್ನಡದಲ್ಲೇ ಪ್ರಾರ್ಥನೆ ಮಾಡಿದಳು. ಒಂದಕ್ಷರ ತಿಳಿಯದ ಅವನು ಕೊನೆಯ ಉಸಿರಿನವರೆಗೂ ಅವಳ ಬೆರಳು ಬಿಡಲಿಲ್ಲ. ಅವತ್ತಿನಿಂದ ಮೊಣಕಾಲೂರಿದಾಗಲೆಲ್ಲ ಅವಳಿಗೆ ಒಂದೇ ಮಾತು ಕೇಳಿಸುತ್ತಿತ್ತು: ಹೋಗು. ಕೊಹಿಮಾದವರೆಗೆ ದಾರಿಯುದ್ದಕ್ಕೂ ಮಿಷನ್ ಆಸ್ಪತ್ರೆಗಳಿವೆ, ಅಲ್ಲೆಲ್ಲ ಯಾರೂ ಇಲ್ಲದ ರೋಗಿಗಳಿರುತ್ತಾರೆ, ಅವರ ಪಕ್ಕ ಒಂದಿಷ್ಟು ಹೊತ್ತು ಕೂತು ಮುಂದೆ ಹೋಗಬೇಕು, ಒಬ್ಬಳೇ. ವರ್ಷಗಟ್ಟಲೆ ತೆಗೆದುಕೊಳ್ಳದೆ ಉಳಿಸಿದ ರಜೆಯನ್ನೆಲ್ಲ ಕೂಡಿಹಾಕಿದರೆ ಕ್ರಿಸ್ಮಸ್‌ವರೆಗೆ ಸಿಕ್ಕಿತು. ಇನ್ನೊಮ್ಮೆ ಅಷ್ಟು ರಜೆ ಈ ಜನ್ಮದಲ್ಲಿ ಸಿಗುವಂಥದ್ದಲ್ಲ.

ಬೇಡವೆಂದವರು ಯಾರೂ ಇಲ್ಲ, ಅದೇ ಪೀಕಲಾಟ. ಚರ್ಚಿನ ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ಎಲ್ಲರೂ "ಸ್ತೋತ್ರ, ಸ್ತೋತ್ರ" ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ಆದರೆ ಈ ಜನರಲ್ಲಿ ಪ್ರಯಾಣ ಹೊರಟವರನ್ನು ಉಣ್ಣಿಸದೆ, ಪ್ರಾರ್ಥನೆ ಮಾಡದೆ ಕಳಿಸುವ ಪದ್ಧತಿಯೇ ಇಲ್ಲ. ಹಾಗೆ ಹೊರಟವರನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ. ಜೇಮ್ಸ ಸಾಲೆಯ ಹೆಡ್‌ಮಾಸ್ತರ, ಸಭೆಯ ದೊಡ್ಡ ಕೆಲಸವೆಲ್ಲ ಅವನ ಕೈಯಲ್ಲೇ. "ನಮ್ಮವರ ಮನಿ ಮುಂದಿಂದ ಮಾರಿ ತಿರುವಿ ಹೋದ್ರ ಹ್ಯಾಂಗ ತಂಗೀ? ಜಿಲ್ಲಾ ದಾಟೂತನ ನಾವೂ ಹಿಂದ ಬರ್ತೇವಿ" ಎಂದು ದಾರಿಯನ್ನು ಅವನೇ ಗೊತ್ತುಮಾಡಿದ. ಹೀಗೆ ಉತ್ತರ ದಿಕ್ಕಿಗೆ ಹೊರಟವಳು ಮೊದಲು ದಕ್ಷಿಣದ ಕಮಠಾಣಕ್ಕೆ ಹೋದಳು. ಅಲ್ಲಿ ಒಂದು ಮನೆಯ ಅಜ್ಜಿಗೆ ಜ್ವರ. ನರ್ಸು ಮನೆಗೆ ಬಂದಿರುವಾಗ ಬೇರೆಯವರನ್ನು ಕರೆಯುತ್ತಾರೆಯೇ? ಸಲೈನು ಹಚ್ಚಿ, ಇಳಿಯುವವರೆಗೆ ಕೂತು, ಮಾರನೇ ದಿನ ಮತ್ತೆ ಹಚ್ಚಿ, ಆ ಅಜ್ಜಿ ಎದ್ದು ಗಂಜಿ ಕುಡಿಯುವ ಹೊತ್ತಿಗೆ ಓಣಿಯಲ್ಲಿ ಮತ್ತಿಬ್ಬರು ಜ್ವರ ಬಂದು ಮಲಗಿದ್ದರು. ಭಾಲ್ಕಿಗೆ ಬಂದರೆ ಅತ್ತೆಯ ಸಕ್ಕರೆ ಏರಿತ್ತು.

"ನೀ ಹೋದ ಮ್ಯಾಲ ನನಗ ಸೂಜಿ ಯಾರ ಚುಚ್ಚಬೇಕು?" ಅತ್ತೆ ನಗುತ್ತಲೇ ಕೇಳಿದಳು.

"ಹ್ಯಾಂಗ ಚುಚ್ಚಬೇಕು ಅಂತ ನಿನ್ನ ಸೊಸಿಗಿ ಕಲಿಸೀನಲ್ಲ ಅತ್ತಿ."

"ಆಕಿ ಕೈ ನಡಗ್ತಾವವ್ವಾ. ನಿನ್ನ ಕೈ ದೇವರ ಕೈ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ರಾತ್ರಿ ಚಾಪೆಯ ಮೇಲೆ ಬಿದ್ದುಕೊಂಡಾಗ ದೊರ್ಕಾಳ ಎದೆಯ ಮೇಲೆ ಇವರೆಲ್ಲರ ಪ್ರೀತಿ ಒದ್ದೆ ಕಂಬಳಿಯಂತೆ ಕೂತಿರುತ್ತಿತ್ತು. ಹೊರಟವಳನ್ನು ಯಾರೋ ದಾರದ ತುದಿ ಹಿಡಿದು ಎಳೆಯುತ್ತಿದ್ದಾರೆ ಎಂದು ಅನಿಸುವುದು, ಮರುಗಳಿಗೆಯೇ ಛೇ ಎಂಥ ಪಾಪಿ ನಾನು ಎಂದು ತನ್ನನ್ನೇ ಬೈದುಕೊಳ್ಳುವುದು. ಇನ್ನು ಬೀಗದಕೈಯ ವಿಷಯ. ಎಲ್ಲಿ ಗಾಡಿ ನಿಲ್ಲಿಸಿದರೂ ಜೇಮ್ಸ ಬಂದು, "ತಾ ಇಲ್ಲಿ, ಓಣ್ಯಾಗಿನ ಹುಡುಗರು ಮುಟ್ಟತಾವ" ಎಂದು ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೇಳಿದರೆ ಕೊಡುತ್ತಿದ್ದ, ಇಲ್ಲವೆನ್ನುವಂತಿಲ್ಲ. ಊಟವಾದ ಮೇಲೆ ಕೊಡುತ್ತಿದ್ದ.

ಭಾಲ್ಕಿ ಬಿಟ್ಟು ಠಾಣಾ ಕುಶನೂರ. ಅಲ್ಲಿ ಅವಳಿಗಾಗಿ ಕುರಿ ಕಡಿದಿದ್ದರು. ಕುರಿ ಕಡಿದ ಮನೆಯಿಂದ ಅದೇ ದಿನ ಎದ್ದು ಬರಲಾಗುತ್ತದೆಯೇ? ಅಂತೂ ಔರಾದ ಮುಟ್ಟಿದಾಗ ದೊರ್ಕಾಳ ಜೀವಕ್ಕೆ ಜೀವ ಬಂತು. ಔರಾದದ ಆಚೆ ಅವರ ಪೈಕಿಯವರ ಮನೆ ಇರಲಿಲ್ಲ. ವನಮಾರಪಳ್ಳಿ ಚೆಕ್‌ಪೋಸ್ಟ್ ದಾಟಿದರೆ ಮಹಾರಾಷ್ಟ್ರ, ದೇಗಲೂರ, ನಾಂದೇಡ. ಇಲ್ಲಿ ಸಭೆಯ ಹಿರಿಯರಾದ ಇಮ್ಮಾನುಯೇಲಪ್ಪನವರ ಮನೆಯಲ್ಲಿ ಒಂದು ಪ್ರಾರ್ಥನೆ, ಒಂದು ಊಟ, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ತುಂಬ ಜನ ಸೇರಿದ್ದರು. ಅಡುಗೆಮನೆಯಿಂದ ಕೋಳಿ ಸಾರಿನ ವಾಸನೆ ಬರುತ್ತಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದ ದೊರ್ಕಾಳಿಗೆ ಗೋಡೆಯ ಮಗ್ಗುಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಜೇಮ್ಸನ ದನಿ ಸ್ಪಷ್ಟವಾಗಿ ಕೇಳಿಸಿತು. "ಹೌದ್ರಿ ಪಾಸ್ಟರ್, ಐತವಾರ ಕರಕೊಂಡು ಬರ್ತೇನಿ. ಇವತ್ತ ಸಂಜೀಕ ಬೀದರಕ್ಕ ವಾಪಸ್ ಹೊಂಟೇವಿ."

ಅವನು ಫೋನಿಟ್ಟು ತಿರುಗಿದಾಗ ತಂಗಿ ಎದುರಿಗೇ ನಿಂತಿದ್ದಳು.

"ಬೀದರಕ್ಕ ಯಾರ ಹೊಂಟಾರ ಅಣ್ಣಾ?"

ಜೇಮ್ಸ ಕೆಮ್ಮಿದ. "ಐತವಾರ ನಿನ್ನ ಬೀಳ್ಕೊಡುಗಿ ಆರಾಧನಾ ಇಟ್ಟಾರ."

"ಬೀಳ್ಕೊಟ್ಟದ್ದು ಆತಲ್ಲ?"

"ಅದು ಮನೀದು ಆತು. ಇದು ಸಭಾದ್ದು."

"ಆಮ್ಯಾಲ?"

"ಆಮ್ಯಾಲ ಹುಮನಾಬಾದ ಕಡಿಯವ್ರೂ ಕರದಾರ. ಅವ್ರಿಗಿ ಹ್ಯಾಂಗ ಬ್ಯಾಡ ಅನ್ನೂದು?"

"ಆಮ್ಯಾಲ?"

ಜೇಮ್ಸ ನೆಲ ನೋಡಿದ. "ಎಲೀನಾಗ ದಿನಾ ತುಂಬಲಕತ್ತಾವ ದೊರ್ಕಾ. ಚೊಚ್ಚಲ ಅದ. ನೀ ಇಲ್ಲಂದ್ರ ಸುಜೀಗಿ ಕೈಕಾಲೇ ಆಡೂದಿಲ್ಲ." ಎಲೀನಾ ಅವನ ಮಗಳು, ದೊರ್ಕಾ ಎತ್ತಿ ಆಡಿಸಿದ ಕೂಸು. "ಮತ್ತ ದಾರ್ಯಾಗ ನಿನಗ ಏನರೆ ಆದ್ರ? ಒಬ್ಬಾಕಿ ಹೆಣ್ಮಗಳು. ಅವ್ವಗ ನಾ ಏನ ಹೇಳ್ಲಿ?"

"ಅವ್ವ ಸತ್ತಾಳ ಅಣ್ಣಾ."

"ಅದಕ್ಕ ಹೆಚ್ಚಿಗಿ ಅಂಜಿಕಿ." ಅವನ ಕಣ್ಣು ತುಂಬಿತು. ಕೂಡಲೇ ದನಿ ಏರಿಸಿದ. "ಹೋಗಬ್ಯಾಡ ಅಂತ ನಾ ಒಂದ ಮಾತರೆ ಅಂದೀನೇನು?"

"ಇಲ್ಲ. ಅಂದಿದ್ರ ಛಲೋ ಇತ್ತು. ಜಗಳಾ ಮಾಡಿ ಯಾವಾಗೋ ಹೋಗ್ತಿದ್ದೆ." ದೊರ್ಕಾ ಅಂಗೈ ಚಾಚಿದಳು. "ಕೀಲಿ ಕೊಡು."

ಜೇಮ್ಸ ಜೇಬಿನ ಮೇಲೆ ಕೈಯಿಟ್ಟುಕೊಂಡ. ಅಷ್ಟರಲ್ಲಿ ಸುಜಿ ಬಾಗಿಲಿಗೆ ಬಂದು ಕರೆದಳು. "ಬರ್ರಿ ಇಬ್ರೂ, ಪ್ರಾರ್ಥನಾ ಸುರು ಮಾಡ್ತಾರಂತ." ಜೇಮ್ಸನ ಮುಖ ಹಗುರಾಯಿತು. "ಊಟಾ ಆಗ್ಲಿ" ಎಂದು ಒಳಗೆ ನಡೆದ.

ಇಮ್ಮಾನುಯೇಲಪ್ಪನವರ ಪ್ರಾರ್ಥನೆಯ ವಿಷಯ ಇಡೀ ಜಿಲ್ಲೆಗೆ ಗೊತ್ತು. ಅವರು ಕಣ್ಣು ಮುಚ್ಚಿದರೆಂದರೆ ಒಲೆಯ ಮೇಲಿನ ಸಾರು ಆರಿ ಮತ್ತೊಮ್ಮೆ ಕಾಯಿಸಬೇಕು. ಬೇಗ ಮುಗಿಸಿರೆಂದು ಅವರಿಗೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಂಚದ ಮೇಲೆ ಮೊಣಕೈಯಿಟ್ಟು ಅವರು ಮೊಣಕಾಲೂರಿದರು. ಹಿಂದೆ ಎಲ್ಲರೂ ಊರಿದರು. ಪ್ರಯಾಣ ಹೋಗುವವಳೂ ಅವಳ ಅಣ್ಣನೂ ಒಟ್ಟಿಗಿರಲಿ ಎಂದು ಇಬ್ಬರನ್ನೂ ಬಾಗಿಲ ಬದಿಯ ಜಮಖಾನೆಯ ಮೇಲೆ ಪಕ್ಕಪಕ್ಕ ಕೂರಿಸಿದ್ದರು.

"ಪರಲೋಕದಲ್ಲಿರುವ ನಮ್ಮ ತಂದೆಯೇ, ಈ ನಿನ್ನ ದಾಸಿ ಹೋಗುವ ರಸ್ತೆಗಳನ್ನು ನೆನಸಿಕೋ. ರಸ್ತೆಯ ತಗ್ಗುಗಳನ್ನು ನೆನಸಿಕೋ..."

"ಆಮೆನ್" ಅಂದಿತು ಪಡಸಾಲೆ.

ದೊರ್ಕಾ ಕಣ್ಣು ತೆರೆದಳು. ಪ್ರಾರ್ಥನೆಯ ನಡುವೆ ಕಣ್ಣು ತೆರೆದದ್ದು ಬುದ್ಧಿ ಬಂದ ಮೇಲೆ ಇದೇ ಮೊದಲು. ಸೆರಗು ಹೊದ್ದ ತಲೆಗಳು, ಬಾಗಿದ ಕುತ್ತಿಗೆಗಳು, ಗಟ್ಟಿಯಾಗಿ ಮುಚ್ಚಿದ ರೆಪ್ಪೆಗಳು. ಇಷ್ಟು ಜನರಲ್ಲಿ ಅವಳನ್ನು ನೋಡುವವರು ಯಾರೂ ಇರಲಿಲ್ಲ. ಈ ಊಟ ಉಂಡರೆ ಸಂಜೆಗೆ ಬೀದರ, ಐತವಾರಕ್ಕೆ ಮಾಲೆ, ಆಮೇಲೆ ಹುಮನಾಬಾದ, ಆಮೇಲೆ ಬಾಣಂತನ. ರಜೆ ಈ ಜಿಲ್ಲೆಯಲ್ಲೇ ಕರಗಿಹೋಗುತ್ತದೆ. ಈಗ ಇಲ್ಲವಾದರೆ ಇನ್ನೆಂದೂ ಇಲ್ಲ ಎಂಬುದು ಅವಳಿಗೆ ಖಚಿತವಾಯಿತು. ಕರ್ತನೇ, ಇದು ನಿನ್ನ ಮಾತೋ ನನ್ನ ಹಟವೋ ನನಗೆ ತಿಳಿಯುತ್ತಿಲ್ಲ, ಕ್ಷಮಿಸು ಎಂದುಕೊಂಡಳು. ನಿದ್ದೆಯಲ್ಲಿರುವ ರೋಗಿಯ ಕಂಕುಳಿಂದ ಥರ್ಮಾಮೀಟರ್ ತೆಗೆದು ರೂಢಿಯಾದ ಬೆರಳುಗಳು ನಡುಗಲಿಲ್ಲ. ಎರಡು ಬೆರಳು ಅಣ್ಣನ ಜೇಬಿಗೆ ಇಳಿದವು, ಕೀಲಿ ಹಿಡಿದವು, ಮೇಲೆ ಬಂದವು.

ಕೀಲಿ ಜೇಬಿನ ಪೆನ್ನಿಗೆ ತಾಗಿ ಕಿಣ್ಣೆಂದಿತು.

ಜೇಮ್ಸ ಕಣ್ಣು ತೆರೆದ. ಗಬಕ್ಕನೆ ಅವಳ ಮುಂಗೈ ಹಿಡಿದ. ಇಬ್ಬರ ಮುಖಗಳ ನಡುವೆ ಗೇಣು ಅಂತರ. ಒಂದು ಮಾತು ಆಡಿದರೆ ಸಾಕು, ಅವಳ ಆಟ ಅಲ್ಲಿಗೇ ಖತಂ. ಆದರೆ ಹಿರಿಯರ ಪ್ರಾರ್ಥನೆಯ ನಡುವೆ ಬಾಯಿ ಬಿಡುವುದು, ಅದೂ ಜೇಮ್ಸ, ಹೇಗೆ? ಅವನು ತಲೆಯಲ್ಲಾಡಿಸಿದ. ದೊರ್ಕಾಳೂ ತಲೆಯಲ್ಲಾಡಿಸಿದಳು. ಹಿಡಿತ ಇನ್ನಷ್ಟು ಬಿಗಿಯಾಯಿತು, ಅವಳಿಗೆ ನೋವಾಯಿತು.

"ಲಾರಿ ಡ್ರೈವರುಗಳಿಗೆ ಒಳ್ಳೆಯ ಬುದ್ಧಿ ಕೊಡು," ಎನ್ನುತ್ತಿದ್ದರು ಇಮ್ಮಾನುಯೇಲಪ್ಪ. "ಪೊಲೀಸರಿಗೆ ದಯೆ ಕೊಡು. ನಿನ್ನ ಮಗಳನ್ನು ಕ್ಷೇಮವಾಗಿ ಕಳುಹಿಸಿಕೊಡು ಸ್ವಾಮೀ."

"ಆಮೆನ್" ಅಂದರು ಎಲ್ಲರೂ. ಜೇಮ್ಸನೂ ಅಂದ. ಎಲ್ಲರಿಗಿಂತ ಗಟ್ಟಿಯಾಗಿ ಅಂದ, ಯಾವಾಗಲೂ ಅವನ ಆಮೆನ್ನೇ ಗಟ್ಟಿ. ಅಂದವನೇ ತನ್ನ ಬಾಯಿಂದ ಏನು ಬಂತೆಂದು ತಿಳಿದು ಬೆಪ್ಪಾದ. ತಂಗಿಯ ಮುಖ ನೋಡಿದ. ಅವಳು ಅಳುತ್ತಿದ್ದಳು, ಸದ್ದಿಲ್ಲದೆ, ಮೂಗು ಕೆಂಪಗೆ ಮಾಡಿಕೊಂಡು. ಅವನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಜೇಮ್ಸ ಮತ್ತೆ ಕಣ್ಣು ಮುಚ್ಚಿ ತಲೆ ತಗ್ಗಿಸಿದ.

ದೊರ್ಕಾ ಹಿಂದುಹಿಂದಕ್ಕೆ ಸರಿದು ಹೊಸ್ತಿಲು ದಾಟಿದಳು. ಚಪ್ಪಲಿಗಳ ರಾಶಿಯಲ್ಲಿ ತನ್ನ ಬೂಟು ಹುಡುಕಲು ವೇಳೆಯಿಲ್ಲ. ಕಾಲಿಗೆ ಸಿಕ್ಕಿದ ಸುಜಿಯ ಚಪ್ಪಲಿ ಮೆಟ್ಟಿಕೊಂಡಳು. ಗಾಡಿ ಇಲ್ಲೇ ಚಾಲೂ ಮಾಡಿದರೆ ಓಣಿಯೆಲ್ಲ ಕೇಳುತ್ತದೆ. ಸ್ಟ್ಯಾಂಡು ತೆಗೆದು ತಳ್ಳತೊಡಗಿದಳು. ತುಂಬಿದ ಚೀಲಗಳ ಭಾರಕ್ಕೆ ಅದು ಮಿಸುಕಲೊಲ್ಲದು. ಪಕ್ಕದ ಮನೆಯ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಮುನವ್ವರ ಬೇಗಂ ಮೊರ ಕೆಳಗಿಟ್ಟಳು.

"ಅರೇ! ಊಟಾ ಬಿಟ್ಟು ಎಲ್ಲಿಗ ಹೊಂಟೀರಿ ಸಿಸ್ಟರ್?"

ದೊರ್ಕಾ ತುಟಿಯ ಮೇಲೆ ಬೆರಳಿಟ್ಟಳು. ಮುನವ್ವರ ಬೇಗಂ ಪ್ರಾರ್ಥನೆ ಕೇಳಿಬರುತ್ತಿದ್ದ ಬಾಗಿಲ ಕಡೆ ನೋಡಿದಳು, ಇವಳ ಕಾಲಿನ ಚಪ್ಪಲಿ ನೋಡಿದಳು. ಬೆಳಗಿನಿಂದ ಓಣಿಯವರೆಲ್ಲ ಆ ಗಾಡಿಯ ಸುದ್ದಿಯನ್ನೇ ಆಡುತ್ತಿದ್ದರು. "ಯಾ ಅಲ್ಲಾ" ಎಂದು ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಹಿಂದಿನಿಂದ ಕೈ ಹಚ್ಚಿದಳು. ಇಬ್ಬರೂ ಏದುಸಿರು ಬಿಡುತ್ತ ಓಣಿಯ ತಿರುವಿನವರೆಗೆ ತಳ್ಳಿದರು.

"ಹೋಗ್ರಿ ಹೋಗ್ರಿ. ಯಾರರೆ ಕೇಳಿದ್ರ ನಾ ಏನೂ ನೋಡಿಲ್ಲ," ಎಂದು ಮುನವ್ವರ ಬೇಗಂ ಅಂಗೈಯಿಂದ ನಗು ಮುಚ್ಚಿಕೊಂಡು ಹಿಂದಿರುಗಿದಳು.

ಗಾಡಿ ಒಂದೇ ಒದೆತಕ್ಕೆ ಚಾಲೂ ಆಯಿತು. ಊರು ಮುಗಿದು ಎರಡೂ ಬದಿ ಹೊಲ ಕಾಣಿಸಿದ ಮೇಲೂ ದೊರ್ಕಾ ಕನ್ನಡಿಯನ್ನೇ ನೋಡುತ್ತಿದ್ದಳು. ಬಿಳಿ ಕಾರು ಬರಲಿಲ್ಲ. ಹೆಲ್ಮೆಟ್ಟಿನೊಳಗೆ ಜೋರಾಗಿ ಅತ್ತಳು. ಎಲೀನಾಳ ನೆನಪಾಗಿ ಅತ್ತಳು, ಅತ್ತೆಯ ಸೂಜಿ ನೆನಪಾಗಿ ಅತ್ತಳು, ಅಷ್ಟೆಲ್ಲ ಅಳುವಾಗಲೂ ಹೊಟ್ಟೆಯೊಳಗೆ ಒಂದು ಖುಷಿ ಉಕ್ಕುತ್ತಿತ್ತಲ್ಲ, ಅದಕ್ಕೆ ನಾಚಿ ಇನ್ನಷ್ಟು ಅತ್ತಳು.

ಮುಂದೆ ರಸ್ತೆಯ ತುಂಬ ರೈತರು ಕೊಯ್ದ ಸೋಯಾ ಗಿಡ ಹರವಿದ್ದರು. ಗಾಡಿ ನಿಧಾನ ಮಾಡಿ ನಿಲ್ಲಿಸಿದಳು. ಫೋನು ರಿಂಗಾಗುತ್ತಿತ್ತು. ಅಣ್ಣ. ತೆಗೆಯಲೋ ಬೇಡವೋ ಎಂದು ನೋಡಿ, ಹೆಲ್ಮೆಟ್ ತೆಗೆದು ಕಿವಿಗೆ ಹಿಡಿದಳು.

"ಎಲ್ಲಿದ್ದಿ?" ಜೇಮ್ಸ ಪಿಸುಗುಟ್ಟುತ್ತಿದ್ದ. ಹಿತ್ತಲಿನಲ್ಲಿ ನಿಂತಿದ್ದನೆಂದು ಕಾಣುತ್ತದೆ. ಹಿಂದೆ ಇಮ್ಮಾನುಯೇಲಪ್ಪನವರ ದನಿ ಇನ್ನೂ ಕೇಳಿಸುತ್ತಿತ್ತು.

"ದೇಗಲೂರ ರಸ್ತಿಗಿ ಇದ್ದೀನಿ."

ಹೊಳ್ಳಿ ಬಾ ಎನ್ನುತ್ತಾನೆ ಎಂದು ದೊರ್ಕಾ ಹ್ಯಾಂಡಲ್ ಬಿಗಿಹಿಡಿದಳು.

"ಇಮ್ಮಾನುಯೇಲಪ್ಪ ಕಾಕಾ ಇನ್ನಾ ಮುಗಿಸಿಲ್ಲ," ಅಂದ ಜೇಮ್ಸ. "ಪ್ರಾರ್ಥನ್ಯಾಗೇ ನಾಗಾಲ್ಯಾಂಡ ತನಾ ಹೋಗಿ ಮುಟ್ಯಾರ. ಈಗ ಹೊಳ್ಳಿ ಬರ್ಲಕತ್ತಾರ. ಅವ್ರು ಔರಾದ ಮುಟ್ಟೂದ್ರಾಗ ನೀ ಚೆಕ್‌ಪೋಸ್ಟ್ ದಾಟು. ಜಲ್ದಿ ಹೋಗು."

ಫೋನು ಇಟ್ಟುಬಿಟ್ಟ.

ರಸ್ತೆಯ ಅಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದು, ಅತ್ತು ಕೆಂಪಾದ ಈ ಮುಖವನ್ನೂ ಚೀಲಗಳನ್ನೂ ಮೇಲಿಂದ ಕೆಳಗೆ ನೋಡಿದಳು. "ಯಾಕ ನಿಂತೀರಿ ಬಾಯೀ? ಮ್ಯಾಲಿಂದೇ ಹಾಯಿಸ್ರಿ. ಕಾಳು ಬಿಡ್ತಾವ, ನಮಗೂ ಛಲೋನೇ."

ದೊರ್ಕಾ ಎರಡೂ ಕಾಲು ನೆಲಕ್ಕೆ ಬಿಟ್ಟು, ಜಾರದಂತೆ ಮೆಲ್ಲಗೆ ಗಾಡಿ ಮುಂದೆ ಬಿಟ್ಟಳು. ಗಾಲಿಯ ಕೆಳಗೆ ಒಣಗಿದ ಕಾಯಿಗಳು ಪಟಪಟನೆ ಒಡೆಯತೊಡಗಿದವು.