ಬಿಸಿನೀರಿಗೆ ಮುಂಚಿನ ಮಾತು

ಮೆಕ್ನೆಸ್ ಊರಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಕೊನೆಗೆ ಕರೆ ಬರುವುದು ನಮ್ಮ ಮೂವರಿಗೇ. ಲಲ್ಲಾ ತಾಮೂ ನಮ್ಮ ತಂಡದ ಹಿರಿಯರು. ಕಣ್ಣಿಗೆ ಕಾಣದವರು ಮಾತಾಡುವುದು ಅವರ ಬಾಯಿಂದ. ಬಾ ಫರಾಜಿ ಮೂರು ತಂತಿಯ ಗಿಂಬ್ರಿ ನುಡಿಸಿ ಆ ಜನರನ್ನು ಕರೆಯುತ್ತಾರೆ. ನಾನು ಯಾಕೂತ, ಧೂಪದವಳು. ಅವರಲ್ಲಿ ಯಾರಿಗೆ ಲೋಬಾನ ಹಿತ, ಯಾರಿಗೆ ಗಂಧದ ಚಕ್ಕೆ ಹಿತ ಎಂದು ನನಗೆ ಗೊತ್ತು. ಇಪ್ಪತ್ತಾರು ವರ್ಷಗಳಲ್ಲಿ ಬಾವಿಯೊಳಗೆ ಮುನಿಸಿಕೊಂಡು ಕೂತಿದ್ದವಳನ್ನು ಒಲಿಸಿದ್ದೇವೆ, ಊರ ಸ್ನಾನದ ಮನೆ ಹಮ್ಮಾಮಿನ ಒಲೆಯಿಂದ ಒಬ್ಬನನ್ನು ಎಬ್ಬಿಸಿ ಕಳಿಸಿದ್ದೇವೆ. ಅವನ್ನೆಲ್ಲ ಊರ ತುಂಬ ಹೇಳಿಕೊಂಡು ತಿರುಗುವುದು ನನಗೆ ಬಲು ಇಷ್ಟ. ಇದೊಂದನ್ನು ಮಾತ್ರ ನಾನಾಗಿ ಎಲ್ಲೂ ಹೇಳಿಲ್ಲ.

ಜುಲೈ ತಿಂಗಳ ಮಧ್ಯಾಹ್ನ. ಬೀದಿಯ ಕಲ್ಲು ಕಾದು ಚಪ್ಪಲಿಯೊಳಗೂ ಅಂಗಾಲು ಸುಡುತ್ತಿತ್ತು. ಬಾಗಿಲು ತೆರೆದ ಮನೆಯೊಡತಿ ಲಲ್ಲಾ ಬತೂಲ್ ಮಾತ್ರ ಉಣ್ಣೆಯ ನಿಲುವಂಗಿ ತೊಟ್ಟು ನಡುಗುತ್ತಿದ್ದಳು.

"ಬನ್ನಿ, ನಮ್ಮ ಗತಿ ನೋಡಿ," ಅಂದಳು. "ಬಿಸಿ ಚಹಾ ಕುಡಿದು ಒಂಬತ್ತು ದಿನ ಆಯ್ತು. ಗ್ಯಾಸು ಉರಿಯುತ್ತೆ, ನೀರು ಕಾಯಲ್ಲ. ಹಿಟ್ಟು ಉಬ್ಬಲ್ಲ. ಮಗ ತಾಮ್ರ ಕಾಯಿಸೋಕೆ ಕೂತ್ರೆ ಕುಲುಮೆ ತಾನಾಗೇ ಆರೋಗುತ್ತೆ."

"ಯಾವಾಗಿಂದ?" ಎಂದರು ತಾಮೂ.

"ಮದುವೆ ಮಾರನೇ ದಿನದಿಂದ. ಇನ್ನು ನೀವೇ ತಿಳ್ಕೊಳಿ." ಗಲ್ಲವನ್ನು ಅಂಗಳದ ಮೂಲೆಯತ್ತ ಚಾಚಿದಳು. "ಬೆಟ್ಟದಿಂದ ತಂದ್ವಲ್ಲ ಮಹಾರಾಣೀನ. ಮೋರಿಗೆ ಬಿಸಿನೀರು ಸುರಿಯೋಕೆ ಮುಂಚೆ ಕೆಳಗಿರೋ ಕಾಣದವರ ಅಪ್ಪಣೆ ಕೇಳ್ಬೇಕು ಅನ್ನೋದು ಆ ಕಡೆಯವ್ರಿಗೆ ಎಲ್ಲಿ ಗೊತ್ತು? ಕಾಲಿಟ್ಟ ದಿನಾನೇ ಯಾರನ್ನೋ ಸುಟ್ಟಿದ್ದಾಳೆ. ಇವತ್ತು ಅವಳ ದೊಡ್ಡಪ್ಪ ಕರ್ಕೊಂಡು ಹೋಗ್ತಾರೆ. ತಲಾಖಿನ ಕಾಗದ ಹಿಂದಿನಿಂದ ಬರುತ್ತೆ."

ಮೂಲೆಯಲ್ಲಿ ಮದುಮಗಳು ಇಟ್ಟೊ ಬಟ್ಟೆಯ ಗಂಟಿನ ಪಕ್ಕ ಕೂತಿದ್ದಳು. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಅವಳ ದೊಡ್ಡಪ್ಪ ಲಹ್ಸೆನ್ ಟೋಪಿಯನ್ನು ಕೈಯಲ್ಲಿ ಹಿಡಿದು ಯಾರ ಮುಖವನ್ನೂ ನೋಡದೆ ನಿಂತಿದ್ದ. ಗಂಡ ಇದ್ರೀಸ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಒಂದು ಮಾತಾಡುವ ಯೋಗ್ಯತೆ ಅವನಿಗಿರಲಿಲ್ಲ, ಅವನನ್ನು ಬಯ್ಯುವ ಯೋಗ್ಯತೆ ನನಗಿರಲಿಲ್ಲ.

ಆ ಮೋರಿಗೆ ಬಿಸಿನೀರು ಸುರಿದವಳು ನಾನು.

ಮದರಂಗಿ, ಮದುವೆ ಎರಡೂ ಈ ಮನೆಯಲ್ಲೇ ಒಂದೇ ದಿನ ನಡೆದಿದ್ದವು. ಮದರಂಗಿಯ ಹೊತ್ತಿಗೆ ನಾವು ಮೂವರೂ ಅದೇ ಅಂಗಳದಲ್ಲಿದ್ದೆವು, ಹರಸಿ ಹಾಡಲು ಬಂದಿದ್ದೆವು. ಚಹಾಕ್ಕೆ ಕಾಯಿಸಿದ ನೀರು ದೊಡ್ಡ ತಾಮ್ರದ ಪಾತ್ರೆಯಲ್ಲಿ ಅರ್ಧ ಉಳಿದು ಕುದಿಯುತ್ತಿತ್ತು. ಸುತ್ತ ಇಪ್ಪತ್ತು ಹೆಂಗಸರು. ನನ್ನ ನಾಲಿಗೆ ಉದ್ದ, ಜನ ಸೇರಿದರಂತೂ ಕೇಳುವುದೇ ಬೇಡ. ಮದುಮಗಳ ತಾಯಿ ಆಗಷ್ಟೇ ಎದ್ದು ಒಳಗೆ ಹೋಗಿದ್ದಳು. ಬೆಟ್ಟದ ಆ ಹೆಂಗಸು ಪಟ್ಟಣದ ಮಾತನ್ನು ಹೇಗೆ ಎಳೆದೆಳೆದು ಆಡುತ್ತಾಳೆ, ಮೋರಿಯವರಿಗೆ ಅಪ್ಪಣೆ ಕೇಳುವುದನ್ನು ಕಲಿಸಿಕೊಟ್ಟರೆ ಮೋರಿಗೇ ಸಲಾಂ ಹೊಡೆದು ಯೋಗಕ್ಷೇಮ ವಿಚಾರಿಸಿಯಾಳು ಎಂದು ಅವಳ ದನಿಯಲ್ಲೇ ಮಾಡಿ ತೋರಿಸುತ್ತಿದ್ದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನ ಅಮಲಿನಲ್ಲೇ ಪಾತ್ರೆ ಎತ್ತಿ ಮೋರಿಗೆ ಬಗ್ಗಿಸಿದೆ. ಬಿಸ್ಮಿಲ್ಲಾ ಅನ್ನಲಿಲ್ಲ. ಪಕ್ಕಕ್ಕೆ ಸರಿಯಿರಿ ಅನ್ನಲಿಲ್ಲ. ಊರಿನ ಹೆಣ್ಣುಮಕ್ಕಳಿಗೆಲ್ಲ ಅದನ್ನು ಕಲಿಸಿದವಳು ನಾನೇ.

ಕೆಳಗಿನಿಂದ ಒಂದು ಸಣ್ಣ ಕೂಗು ಕೇಳಿಸಿತು. ಬೆಕ್ಕಿನ ಮರಿ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡೆ ಅನ್ನುವುದೂ ಸುಳ್ಳೇ. ನನಗೆ ಆಗಲೇ ಗೊತ್ತಾಗಿತ್ತು. ಪಾತ್ರೆ ಕೆಳಗಿಟ್ಟು ಕತೆ ಮುಂದುವರಿಸಿದೆ.

"ಯಾಕೂತ, ಜ್ಞಾನ ಎಲ್ಲಿದೆಯೇ ನಿಂಗೆ? ಕೆಂಡ ಊದು," ಎಂದರು ತಾಮೂ.

ಹೊರಗಿನಿಂದ ತಂದ ಕೆಂಡ ಆ ಮನೆಯೊಳಗೆ ಬಂದದ್ದೇ ಕಪ್ಪಾಗತೊಡಗಿತ್ತು. ಊದುತ್ತಲೇ ಇರಬೇಕಿತ್ತು. ಬಾ ಫರಾಜಿ ಮೋರಿಯ ಪಕ್ಕ ಚಾಪೆ ಹಾಕಿಕೊಂಡು ಗಿಂಬ್ರಿ ಶುರುಮಾಡಿದರು. ತಾಮೂ ತಲೆಯ ಮೇಲೆ ಹಸಿರು ವಸ್ತ್ರ ಎಳೆದುಕೊಂಡು ತೂಗತೊಡಗಿದರು. ಸ್ವಲ್ಪ ಹೊತ್ತಿಗೆ ಮೋರಿಯ ಬಾಯಿಂದ ಬಿಳಿಯ ಹಬೆಯಂಥ ತಣ್ಣನೆ ಗಾಳಿ ಎದ್ದಿತು. ತಾಮೂ ಬಾಯಿ ತೆರೆದರು, ದನಿ ಬೇರೆ ಯಾರದೋ ಆಗಿತ್ತು. ನಿದ್ದೆಗೆಟ್ಟ ತಾಯಿಯ ದನಿ.

"ಮಗು ಮೈ ಬೆಂದಿದೆ. ಒಂಬತ್ತು ರಾತ್ರಿಯಿಂದ ಮಲಗಿಲ್ಲ. ಸುಟ್ಟ ಕೈ ಎಲ್ಲಿ?"

ಬಾ ಫರಾಜಿ ತಂತಿ ಬಿಡದೆ ಮೆಲ್ಲಗೆ ಕೇಳಿದರು, "ಮನೆ ಬಿಸಿಯೆಲ್ಲ ಯಾಕಮ್ಮ ಎಳ್ಕೊತಿದೀಯ?"

"ಅದರ ಮೈಮೇಲೆ ಸುರಿದಿದ್ದು ಈ ಮನೆ ಬಿಸೀನೇ. ಇನ್ನು ಈ ಮನೇಲಿ ಬಿಸಿ ಇರಬಾರ್ದು. ಸುಟ್ಟವರು ಬಂದು ಕೈ ಕೊಡಲಿ."

ಆ ಜನಕ್ಕೆ ಕೆಳಗಿನಿಂದ ನಮ್ಮ ಮುಖ ಕಾಣುವುದಿಲ್ಲ, ಕೈ ಮಾತ್ರ ಗುರುತು ಹತ್ತುತ್ತದೆ. ತಪ್ಪು ಮಾಡಿದವರೇ ಮೋರಿಯೊಳಗೆ ಕೈಯಿಟ್ಟು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಬೇರೆಯವರ ಕ್ಷಮೆ ನಡೆಯುವುದಿಲ್ಲ. ಈ ನಿಯಮವನ್ನು ಮನೆಮನೆಯಲ್ಲೂ ವಿವರಿಸುವುದು ನನ್ನ ಕೆಲಸ. ಅಂದು ನಾನು ಲೋಬಾನದ ಚೀಲ ಬಿಚ್ಚಿ ಎರಡು ಹಿಡಿ ಹೆಚ್ಚಿಗೆ ಹಾಕಿದೆ. ಹೊಗೆ ಎದ್ದು ನನ್ನ ಮುಖ ಮುಚ್ಚಿತು. ಮುಚ್ಚಲಿ ಎಂದೇ ಹಾಕಿದ್ದೆ.

"ಹೋಗೇ," ಅಂದಳು ಬತೂಲ್. "ಒಪ್ಕೊ. ಹೋಗೋ ಮುಂಚೆ ಅಷ್ಟಾದ್ರೂ ಮಾಡು."

ಲಹ್ಸೆನ್ ತಲೆ ಎತ್ತಿದ. "ನೀನು ಸುರಿದ್ಯಾ ಮಗಳೇ? ಇಲ್ಲ ಅಂದ್ರೆ ಇಲ್ಲ ಅನ್ನು. ನಾನಿದೀನಿ."

ಇಟ್ಟೊ ಎದ್ದು ಬಂದಳು, ಮೊಣಕಾಲೂರಿದಳು, ಮದರಂಗಿಯ ಬಲಗೈಯನ್ನು ಮೊಣಕೈಯವರೆಗೂ ಮೋರಿಯೊಳಗೆ ಇಳಿಸಿದಳು. "ನಾನೇ ಸುರಿದಿದ್ದು," ಅಂದಳು. "ತಪ್ಪಾಯ್ತು."

ಗಿಂಬ್ರಿಯ ಒಂದು ತಂತಿ ತಾನಾಗಿಯೇ ಕಿತ್ತುಹೋಯಿತು.

"ಈ ಕೈ ಅಲ್ಲ," ಎಂದಿತು ತಾಮೂ ಬಾಯೊಳಗಿನ ದನಿ. "ಯಾಕೆ ಸುಳ್ಳು ಹೇಳ್ತೀಯ? ಸುಟ್ಟ ಕೈ ಬರೋವರೆಗೂ ಈ ಕೈಯ ಬಿಸಿ ಸಾಕು ನನಗೆ."

ಇಟ್ಟೊ ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ಲಹ್ಸೆನ್ ಓಡಿಬಂದು ಭುಜ ಹಿಡಿದು ಎಳೆದ. ಇದ್ರೀಸನೂ ಗೋಡೆ ಬಿಟ್ಟು ಬಂದ. ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು. ತೋಳಿನ ಮೇಲೆ ಬಿಳುಪು ಮೊಣಕೈ ದಾಟಿ ಮೇಲೇರುತ್ತಿತ್ತು. ಅಷ್ಟಾದರೂ ಅವಳು ಕಿರುಚಲಿಲ್ಲ. ಹೊಗೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ಕೂಡಲೇ ಎದ್ದೆ ಎಂದು ಬರೆಯಬಹುದಿತ್ತು. ಎದ್ದಿರಲಿಲ್ಲ. ಮೊದಲು ಹೊಳೆದದ್ದು ನಾಳೆ ಬಾವಿಕಟ್ಟೆಯಲ್ಲಿ, ಹಮ್ಮಾಮಿನಲ್ಲಿ ಹೆಂಗಸರು ಏನು ಆಡಿಕೊಳ್ಳುತ್ತಾರೆ ಎಂಬುದು. ಧೂಪದ ಯಾಕೂತ, ಅಪ್ಪಣೆ ಕೇಳುವುದನ್ನು ಕಲಿಸುವ ಯಾಕೂತ. ಆ ಬಿಳುಪು ಹುಡುಗಿಯ ಭುಜ ಮುಟ್ಟುವವರೆಗೂ ನಾನು ಯೋಚಿಸುತ್ತಿದ್ದದ್ದು ನನ್ನ ಹೆಸರಿನ ಬಗ್ಗೆಯೇ. ಆಮೇಲೆ ಕೆಂಡ ಪೂರ್ತಿ ಆರಿತು, ಹೊಗೆ ನಿಂತಿತು. ಅಡಗಲು ಜಾಗವಿಲ್ಲದಾಗ ಎದ್ದೆ.

"ಅವಳ ಕೈ ಬಿಡು ತಾಯಿ. ನಾನು ಸುರಿದೆ," ಎಂದು ಅವಳ ಪಕ್ಕದಲ್ಲೇ ಕೈ ಇಳಿಸಿದೆ. "ಮದರಂಗಿ ದಿನ. ಬಾಯಿ ತುಂಬ ಬೇರೆಯವರ ಮಾತಿತ್ತು. ನಿಮಗೆ ಹೇಳಬೇಕಾದ ಮಾತು ಹೇಳ್ಲಿಲ್ಲ. ಕೂಗು ಕೇಳಿಸ್ತು. ಕೇಳಿಸಿಯೂ ಸುಮ್ಮನಾದೆ."

ಬಾ ಫರಾಜಿಯ ಕೈ ನಿಂತಿತು. ಇಪ್ಪತ್ತಾರು ವರ್ಷ ಜೊತೆಗಿದ್ದವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅದು ಬಾಯಿ ಬಿಟ್ಟೇ ಇತ್ತು, ಆದರೆ ನುಂಗಲಿಲ್ಲ.

ಇಟ್ಟೊ ಹಿಂದಕ್ಕೆ ಬಿದ್ದಳು, ಅವಳ ಕೈ ಬಿಡುಗಡೆಯಾಗಿತ್ತು. ನನ್ನ ಅಂಗೈಗೆ ಕತ್ತಲಲ್ಲಿ ಏನೋ ತಂದಿಟ್ಟರು. ಪುಟ್ಟ ಬೆನ್ನು, ನನ್ನ ಗೇಣಿಗಿಂತ ಚಿಕ್ಕದು. ಬೆರಳಿಗೆ ಒಂದೊಂದೇ ಮೂಳೆ ಸಿಕ್ಕಿತು, ಮೂಳೆಯ ಎರಡೂ ಬದಿಗೆ ಬೊಬ್ಬೆ. ನಾನು ಮುಟ್ಟಿದೊಡನೆ ಅದು ಮುದುಡಿಕೊಂಡಿತು.

"ನೀನೇ ಸುಟ್ಟೆ, ನೀನೇ ವಾಸಿ ಮಾಡು," ಎಂದಿತು ದನಿ. "ನಲವತ್ತು ದಿನ. ಉಪ್ಪಿಲ್ಲದ ಬೆಣ್ಣೆ."

ಬತೂಲ್ ಬೆಣ್ಣೆ ತಂದುಕೊಟ್ಟಳು. ಅಷ್ಟೂ ಜನರ ಎದುರು ಮೋರಿಯ ಮುಂದೆ ಮೊಣಕಾಲೂರಿ, ಕಾಣದ ಆ ಬೆನ್ನಿಗೆ ಬೆಣ್ಣೆ ಸವರಿದೆ. ಸವರುವಾಗ ಅಳು ಬಂತು, ತಡೆಯಲಿಲ್ಲ. ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಮರೆತಿಟ್ಟಿದ್ದ ಕೆಟಲ್ ಕುದಿದು ಮುಚ್ಚಳ ಕುಣಿಯತೊಡಗಿತು.

ತಾಮೂ ಎಚ್ಚರಗೊಂಡು ಎಲ್ಲರ ಮುಖ ನೋಡಿ ನಡೆದದ್ದನ್ನು ತಿಳಿದುಕೊಂಡರು. "ನಾಳೆಯಿಂದ ನೀನು ನಮ್ಮ ಜೊತೆ ಬರೋದು ಬೇಡ ಯಾಕೂತ," ಅಂದರು. "ನಲವತ್ತು ದಿನ ಇಲ್ಲಿಗೆ ಬಾ. ಆಮೇಲೆ ನೋಡೋಣ." ಬಯ್ದಿದ್ದರೆ ಹಗುರಾಗುತ್ತಿತ್ತು, ಬಯ್ಯಲಿಲ್ಲ.

ಬತೂಲ್ ಸೊಸೆಯ ಕಡೆ ತಿರುಗದೆಯೇ, "ಆಯ್ತು, ಆಗಿದ್ದಾಯ್ತು, ಗಂಟು ಒಳಗಿಡು," ಅಂದಳು. ಲಹ್ಸೆನ್, "ಇರಬೇಕೋ ಬೇಡವೋ ಅವಳು ಹೇಳ್ಲಿ," ಅಂದ. ಇಟ್ಟೊ ಎದ್ದು ಒಳಗೆ ಹೋದಳು.

ಬೋಗುಣಿ, ಬಿಸಿನೀರಿನ ಚೊಂಬು ಹಿಡಿದು ಹೊರಬಂದಳು. ಬೆಣ್ಣೆ ಮೆತ್ತಿದ ನನ್ನ ಕೈಗಳ ಮೇಲೆ ಎಡಗೈಯಲ್ಲೇ ನೀರು ಹಾಕಿದಳು. ಅವಳ ಬಲಗೈ ಇನ್ನೂ ಸರಿಯಾಗಿ ಮಡಚಲು ಆಗುತ್ತಿರಲಿಲ್ಲ.

"ಅವತ್ತು ನಾನು ನೋಡ್ದೆ ಚಿಕ್ಕಮ್ಮ," ಅಂದಳು, ನನಗೆ ಮಾತ್ರ ಕೇಳುವಂತೆ. "ನಿಮ್ಮೆದುರೇ ಕೂತಿದ್ನಲ್ಲ."

ನನ್ನ ಕೈ ಬೋಗುಣಿಯ ಮೇಲೆಯೇ ನಿಂತಿತು. "ಗೊತ್ತಿದ್ದೂ ಯಾಕಮ್ಮ ಹೇಳ್ಲಿಲ್ಲ? ಯಾಕೆ ನಿನ್ನ ಕೈ ಕೊಟ್ಟೆ?"

"ನೀವು ನಮ್ಮಮ್ಮನ ಥರ ಮಾತಾಡಿ ತೋರಿಸ್ತಿದ್ರಿ. ಎಲ್ಲರೂ ನಗ್ತಿದ್ರು." ಚೊಂಬು ಬಗ್ಗಿಸಿ ಕೊನೆಯ ನೀರು ಹಾಕಿದಳು. "ನಾನೂ ನಕ್ಕೆ ಚಿಕ್ಕಮ್ಮ. ನಗದೆ ಇದ್ರೆ ಇವರೆಲ್ಲ ಏನಂದ್ಕೊತಾರೋ ಅಂತ. ಅಮ್ಮ ಬಾಗಿಲಲ್ಲೇ ನಿಂತಿದ್ಲು, ನಾನು ನಗೋದನ್ನ ನೋಡಿದ್ಲು. ನಾನೇನೂ ಮಾಡಿಲ್ಲ ಅಂತ ಹೆಂಗೆ ಹೇಳ್ಲಿ?"

ಅವಳು ಬೋಗುಣಿ ಎತ್ತಿಕೊಂಡು ಮೋರಿಯ ಹತ್ತಿರ ಹೋದಳು. ನೀರು ಬೆಚ್ಚಗಿತ್ತು ಅಷ್ಟೇ, ಆದರೂ ಬಗ್ಗಿ ಅಪ್ಪಣೆ ಕೇಳಿದಳು. ತನ್ನ ತಾಯಿಯ ಹಾಗೆ ಎಳೆದೆಳೆದು, ಬೆಟ್ಟದವರ ಧಾಟಿಯಲ್ಲೇ, ಮೊದಲು ಸಲಾಂ ಹೇಳಿ, ಮಗು ಹೇಗಿದೆ ಎಂದು ಯೋಗಕ್ಷೇಮ ಕೇಳಿ, ಪಕ್ಕಕ್ಕೆ ಸರಿಯಿರಿ ಎಂದಳು. ಆಮೇಲೆ ನನ್ನ ಕಡೆ ನೋಡುತ್ತ ಬೋಗುಣಿ ಹಿಡಿದು ಕಾದಳು.

ನಾನೂ ಹೋಗಿ ಅವಳ ಪಕ್ಕ ಬಗ್ಗಿದೆ. ಅವಳು ಹೇಳಿದ್ದನ್ನೇ, ಅದೇ ಎಳೆತದಲ್ಲಿ, ಒಂದೊಂದಾಗಿ ಹೇಳಿದೆ. ಯಾರೂ ನಗಲಿಲ್ಲ. ಅವಳು ನೀರು ಸುರಿದಳು.