ಎರಡು ಪೆಗ್ಗಿನ ಅಪ್ಪಣೆ

ಚಟ್ಟಕ್ಕೆ ಸುತ್ತಿದ ಹಗ್ಗವನ್ನು ಪೀರಪ್ಪ ಮೂರನೇ ಸಲ ಬಿಚ್ಚಿ ಬಿಗಿದ. ಗಂಟು ಸರಿಯಾಗಿಯೇ ಇತ್ತು. ತಲೆ ಎತ್ತಿದರೆ ಸುಂದರಬಾಯಿಯ ಮುಖ ನೋಡಬೇಕಾಗುತ್ತಿತ್ತು.

ಅವಳ ಗಂಡ ಅಂಬಾರಾಯನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ ತಲೆಗೆ ರುಮಾಲು ಸುತ್ತಿದ್ದರು. ತಿಂಗಳ ಹಿಂದೆ ಶಹಾಬಾದದ ಕಲ್ಲು ಪಾಲಿಶ್ ಅಂಗಳದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಜಾರಿ ಬಡಿದ ಗಾಯ, ನಿನ್ನೆ ಕುಡಿದು ಬಚ್ಚಲಲ್ಲಿ ಬಿದ್ದ ಗಾಯ, ಎರಡೂ ಅದರಡಿ ಮುಚ್ಚಿದ್ದವು.

"ಡಾಕ್ಟರೇ ಹೇಳ್ಯಾರ್ರಿ," ಎನ್ನುತ್ತಿದ್ದಳು ಸುಂದರಬಾಯಿ. "ಫೋನ್‌ದಾಗ ನಾನೇ ಕೇಳೀನಿ. ದಿನಾ ಎರಡು ಪೆಗ್ ನಡೀತದ ಅಂದ್ರು. ಈ ಕೈಲೇ ಹಾಕಿ ಕೊಟ್ಟೆ."

ಅವಳ ತಮ್ಮ ರಮೇಶಕುಮಾರ ತೋಳು ಮಡಚಿದ. "ಮಣ್ಣು ಮುಗೀಲಿ ಅಕ್ಕಾ. ಹಂಗೇ ಚಿತ್ತಾಪುರಕ್ಕ ಹೋಗಿ ಆ ಡಾಕ್ಟರನ ಕಾಲು ಮುರೀತೀವಿ. ಪೀರಪ್ಪಣ್ಣ, ನಿನಗ ಅವನ ಗುರ್ತದ ಅಲ್ಲ?"

"ಅದ," ಎಂದ ಪೀರಪ್ಪ. ಗುರುತೇನು, ಡಾಕ್ಟರ ಗಂಟಲೇ ಅವನ ಬಳಿ ಇತ್ತು.

*

ಫರಸಿ ಅಂಗಳದಲ್ಲಿ ಊಟದ ಹೊತ್ತಿನ ನಾಟಕ ಅಂದರೆ ಪೀರಪ್ಪ. ಮಾಲೀಕ, ಫೌಜದಾರ, ವಾಡಿ ಸ್ಟೇಶನ್ನಿನ ಅನೌನ್ಸ್‌ಮೆಂಟು, ಎಲ್ಲ ದನಿಯೂ ಬರುತ್ತಿತ್ತು. ಪೆಟ್ಟಾದ ದಿನ ಗೆಳೆಯ ಅಂಬಾರಾಯನ ಜೊತೆ ಚಿತ್ತಾಪುರದ ದವಾಖಾನೆಗೆ ಹೋದವನೂ ಅವನೇ.

"ಮೆದುಳು ಅದುರಿದೆ. ಹನಿ ಮುಟ್ಟಬಾರದು. ಕುಡಿದರೆ ವಾಸಿಯಾಗೋದಿಲ್ಲ, ಮತ್ತೆ ಬಿದ್ದರೆ ಉಳಿಯೋದಿಲ್ಲ," ಎಂದಿದ್ದರು ಡಾಕ್ಟರು, ಮೂಗಿನಿಂದ. ಆ ಮೂಗನ್ನು ಪೀರಪ್ಪ ಊರಿಗೆ ತಂದ. ನಾಲ್ಕನೇ ದಿನ ಅದೇ ದನಿಯಲ್ಲಿ ಬೇರೆ ನಂಬರಿನಿಂದ ಸುಂದರಬಾಯಿಗೆ ಫೋನ್ ಮಾಡಿ ಎರಡು ಪೆಗ್ ಬರೆದುಕೊಟ್ಟ.

ಮರುದಿನವೇ ಅಂಬಾರಾಯನ ಮುಂದೆ ಒಪ್ಪಿಕೊಂಡ. "ಅದು ನಾನೋ ಮಾರಾಯ, ಚೇಷ್ಟಿ ಮಾಡೀನಿ." ಅಂಬಾರಾಯ ಹೊಟ್ಟೆ ಹಿಡಿದು ನಕ್ಕ, ಪೆಟ್ಟು ಬಿದ್ದ ತಲೆ, ಸಂಜೆಗೆ ಮರೆತ. ಸಂಜೆ ಹೆಂಡತಿ ಲೋಟ ತಂದು ಡಾಕ್ಟರನ್ನು ನೆನಪಿಸುತ್ತಿದ್ದಳು, ಪೀರಪ್ಪನನ್ನು ನೆನಪಿಸುವವರಿರಲಿಲ್ಲ. ದಿನಾ ಬೆಳಿಗ್ಗೆ ಹೇಳಿದ, ದಿನಾ ಅವನು ಹೊಸದಾಗಿ ನಕ್ಕ. ಸುಂದರಬಾಯಿಗೆ ಹೇಳಬೇಕೆಂದು ಬಾಗಿಲಿಗೆ ಬಂದಾಗಲೆಲ್ಲ, ಊರವರ ಬಾಯೆಲ್ಲ ಇದ್ದವನಿಗೆ ತನ್ನದೇ ಬಾಯಿ ಸಿಗಲಿಲ್ಲ.

*

ಎತ್ತುವ ಹೊತ್ತಾಯಿತು. ಹೊರಗೆ ರಮೇಶಕುಮಾರನ ಗೆಳೆಯರ ಮೋಟರ್‌ಸೈಕಲ್‌ಗಳು ಚಿತ್ತಾಪುರದ ಕಡೆ ಮುಖ ಮಾಡಿ ನಿಂತಿದ್ದವು.

ಪೀರಪ್ಪ ಹಗ್ಗ ಬಿಟ್ಟು ಸುಂದರಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಂತ. "ವೈನಿ," ಎಂದ. ಆಮೇಲೆ ಕಣ್ಣು ಮುಚ್ಚಿ, ಡಾಕ್ಟರ ಹಾಗೆ ಮೂಗಿನಿಂದ ಹೇಳಿದ: "ನೋಡಿ ತಾಯಿ, ದಿನಕ್ಕೆ ಎರಡು ಪೆಗ್ ಪರವಾಗಿಲ್ಲ. ನಿದ್ದೆ ಚೆನ್ನಾಗಿ ಬರುತ್ತೆ."

ಭಜನೆಯ ತಾಳ ನಿಂತಿತು. ಫರಸಿ ಅಂಗಳದ ಕೆಲಸಗಾರನೊಬ್ಬ ರೂಢಿಯಂತೆ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ರಮೇಶಕುಮಾರ ಹೊಸ್ತಿಲ ಮೇಲೆ ಹಾಗೇ ನಿಂತ.

"ಇನ್ನೊಮ್ಮಿ ಅನ್ನು," ಎಂದಳು ಸುಂದರಬಾಯಿ.

ಅಂದ.

ಅವಳ ಭುಜ ಅಲುಗತೊಡಗಿತು. ಅಳುತ್ತಾಳೆಂದು ಹೆಂಗಸರು ಹಿಡಿಯಲು ಬಂದರು. ಅವಳು ನಗುತ್ತಿದ್ದಳು, ಸೆರಗು ಜಾರಿದ್ದೂ ತಿಳಿಯದೆ, ಪಕ್ಕದಲ್ಲಿ ಕೂತ ಗಂಡನ ತೊಡೆ ತಟ್ಟಿ ತಟ್ಟಿ, ಓಣಿಯ ತುದಿಗೆ ಕೇಳುವ ಹಾಗೆ.